ಸುಟ್ಟದ್ದೋ, ತುಕ್ಕು ಹಿಡಿದದ್ದೋ? ಹಳೆಯ ಕಾರ್ ಆಂಪ್ಲಿಫೈಯರ್ ಆರಿಸುವವರಿಗೆ

ಕಾಸರಗೋಡು, ಕುಂಬಳೆ, ಉಪ್ಪಳದ ಕಡೆ ಹಳೆಯ ಕಾರ್ ಆಂಪ್ಲಿಫೈಯರ್‌ಗಳಿಗೆ ಬರವಿಲ್ಲ. 1980–90ರ ದಶಕಗಳಲ್ಲಿ ಗಲ್ಫಿನಿಂದ ರಜೆಗೆ ಬಂದವರು ಟೇಪ್‌ರೆಕಾರ್ಡರಿನ ಜೊತೆಗೆ ಪಯೋನಿಯರ್, ಕೆನ್‌ವುಡ್, ಸೋನಿ, ಕ್ಲಾರಿಯನ್ ಎಂದು ಬರೆದ ಭಾರವಾದ ಅಲ್ಯೂಮಿನಿಯಂ ಪೆಟ್ಟಿಗೆಗಳನ್ನೂ ತಂದರು. ಅವನ್ನು ಕೂರಿಸಿದ್ದ ಮಾರುತಿ 800, ಅಂಬಾಸಿಡರ್, ಜೀಪುಗಳು ಎಂದೋ ಗುಜರಿಗೆ ಹೋದವು. ಆಂಪ್ಲಿಫೈಯರ್ ಮಾತ್ರ ಅಟ್ಟದಲ್ಲೋ, ಶೆಡ್ಡಿನ ಮೂಲೆಯಲ್ಲೋ, ಗುಜರಿ ಅಂಗಡಿಯ ರಾಶಿಯಲ್ಲೋ ಉಳಿದುಕೊಂಡಿತು. ಅಂಥವನ್ನು ದುರಸ್ತಿ ಮಾಡಿ ಮತ್ತೆ ಹಾಡಿಸಬೇಕೆಂಬ ಹವ್ಯಾಸಕ್ಕೆ ಇಳಿಯುವವರು ಸಾಮಾನ್ಯವಾಗಿ ಮೊದಲು ಹೆಸರು ನೋಡುತ್ತಾರೆ, ಆಮೇಲೆ ವಾಟ್ ನೋಡುತ್ತಾರೆ. ಎರಡನ್ನೂ ಬದಿಗಿಡಿ. ತಳದ ಮುಚ್ಚಳದ ಸ್ಕ್ರೂ ಬಿಚ್ಚಿ ಬೋರ್ಡನ್ನು ನೋಡಿ. ನಮ್ಮ ಕರಾವಳಿಯಲ್ಲಿ ನಿಜವಾದ ಆಯ್ಕೆ ಇರುವುದು ಸುಟ್ಟುಹೋದದ್ದು ಮತ್ತು ತುಕ್ಕು ಹಿಡಿದದ್ದು, ಇವೆರಡರ ನಡುವೆ. ಸುಟ್ಟದ್ದನ್ನು ಧೈರ್ಯವಾಗಿ ತೆಗೆದುಕೊಳ್ಳಬಹುದು. ತುಕ್ಕು ಹಿಡಿದದ್ದನ್ನು, ಪುಕ್ಕಟೆ ಕೊಟ್ಟರೂ, ಬಿಡಿಭಾಗಕ್ಕೆಂದು ಮಾತ್ರ ತೆಗೆದುಕೊಳ್ಳಿ.

ಏಕೆಂದರೆ ಸುಟ್ಟ ಆಂಪ್ಲಿಫೈಯರಿನಲ್ಲಿ ಸತ್ತಿರುವುದು ಹೆಚ್ಚಾಗಿ ಕೆಲವೇ ಟ್ರಾನ್ಸಿಸ್ಟರುಗಳು, ಅವುಗಳ ಜೊತೆಗಿನ ಒಂದೆರಡು ರೆಸಿಸ್ಟರು. ಯಾವುದು ಸತ್ತಿದೆ ಎಂಬುದನ್ನು ಮೀಟರ್ ಹೇಳುತ್ತದೆ, ಹೊಸದು ಅಂಗಡಿಯಲ್ಲಿ ಸಿಗುತ್ತದೆ. ತುಕ್ಕಿನ ಕಥೆ ಹಾಗಲ್ಲ. ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ ಬೀಸುವ ಊರಿನಲ್ಲಿ ತೇವ ಎಲ್ಲಿ ನುಗ್ಗಿದೆ, ಎಷ್ಟು ತಿಂದಿದೆ ಎಂದು ಹೇಳುವ ಮೀಟರ್ ಇಲ್ಲ. ಹಸಿರು ಲೇಪದ ಕೆಳಗೆ ತಾಮ್ರದ ಗೆರೆ ಕಪ್ಪಾಗಿರುತ್ತದೆ. ಬೋರ್ಡಿನ ಎರಡು ಬದಿಗಳನ್ನು ಜೋಡಿಸುವ ತೂತುಗಳ ಒಳಲೇಪ ಕರಗಿರುತ್ತದೆ. ಇವತ್ತು ಹಾಡಿದ್ದು ಜಡಿಮಳೆಯ ಆಟಿ ತಿಂಗಳಲ್ಲಿ ಗೊರಗೊರ ಎನ್ನುತ್ತದೆ, ಸೆಕೆಗಾಲದಲ್ಲಿ ಮತ್ತೆ ಸರಿಯಾಗುತ್ತದೆ. ಅಂಥ ದೋಷವನ್ನು ಬೆನ್ನಟ್ಟಿ ಸುಸ್ತಾದವರು ಹವ್ಯಾಸವನ್ನೇ ಕೈಬಿಡುತ್ತಾರೆ, ಅದು ನನಗೆ ತೀರ ಬೇಸರದ ಸಂಗತಿ.

ಬೋರ್ಡನ್ನು ನೋಡುವುದಕ್ಕೂ ಒಂದು ಕ್ರಮವಿದೆ. ಬಿಸಿಲಿಗೆ ಓರೆಯಾಗಿ ಹಿಡಿಯಿರಿ. ಮೊದಲು ದೊಡ್ಡ ಎಲೆಕ್ಟ್ರೋಲೈಟಿಕ್ ಕೆಪಾಸಿಟರುಗಳ ಬುಡ. ಅವು ಅಲುಗಾಡದಿರಲೆಂದು ಕಾರ್ಖಾನೆಯಲ್ಲೇ ಹಚ್ಚಿದ ಅಂಟೊಂದು ಇರುತ್ತದೆ. ಹೊಸದರಲ್ಲಿ ಮಾಸಲು ಹಳದಿ ಬಣ್ಣದ ಆ ಅಂಟು ವರ್ಷಗಟ್ಟಲೆ ಬಿಸಿ ತಿಂದು ಗಾಢ ಕಂದು ಬಣ್ಣಕ್ಕೆ ತಿರುಗಿದ್ದರೆ ವಿದ್ಯುತ್ ಹರಿಯಲು ಬಿಡುತ್ತದೆ, ಪಕ್ಕದ ರೆಸಿಸ್ಟರುಗಳ ಕಾಲನ್ನೂ ತಿನ್ನುತ್ತದೆ. ಅಂಟು ಕಂದಾಗಿದ್ದು ಕಾಲುಗಳು ಹೊಳೆಯುತ್ತಿದ್ದರೆ ಕೆರೆದು ತೆಗೆದರಾಯಿತು. ಕಾಲುಗಳಲ್ಲಿ ಹಸಿರು ಹುಡಿ ಕಂಡರೆ ಯೋಚಿಸಿ. ಆಮೇಲೆ ಟ್ರಾನ್ಸಿಸ್ಟರುಗಳ ಕಾಲು ಕಪ್ಪು ಮೈಯೊಳಗೆ ಹೋಗುವ ಜಾಗ, ಸಿಗ್ನಲ್ ಹಾಕುವ ಸಾಕೆಟ್ಟುಗಳ ಹಿಂಭಾಗ, ವಾಲ್ಯೂಮಿನಂತಿರುವ ಗೇನ್ ಗುಂಡಿಗಳು. ಇರುವೆ ಗೂಡು ಕಟ್ಟಿದ ಮಣ್ಣು, ಹಲ್ಲಿಯ ಮೊಟ್ಟೆಯ ಸಿಪ್ಪೆ ನಮ್ಮಲ್ಲಿ ತೀರ ಸಾಮಾನ್ಯ. ಮಣ್ಣು ಬ್ರಷ್ಷಿಗೆ ಬರುತ್ತದೆ. ಹಲ್ಲಿಯ ಹಿಕ್ಕೆ ಬಿದ್ದ ಕಡೆ ಮಾತ್ರ ತಾಮ್ರ ಉಳಿದಿದೆಯೇ ಎಂದು ಉಗುರಿನಿಂದ ಮುಟ್ಟಿ ನೋಡಬೇಕು. ಹಳೆಯ ಮನೆಗಳಲ್ಲಿ ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಇಟ್ಟದ್ದು ಹೊಗೆಗೆ ಕಪ್ಪಾಗಿದ್ದರೂ ಒಳಗೆ ಒಣಗಿಯೇ ಇರುತ್ತದೆ. ನೋಡಲು ಚೆನ್ನಾಗಿರುವ, ಶೆಡ್ಡಿನ ಸಿಮೆಂಟ್ ನೆಲದ ಮೇಲೆ ಕೂತದ್ದಕ್ಕಿಂತ ನಾನು ಆ ಮಸಿ ಹಿಡಿದದ್ದನ್ನೇ ಆರಿಸುತ್ತೇನೆ.

ಸುಟ್ಟದ್ದರಲ್ಲೂ ಬಿಡಬೇಕಾದವು ಇವೆ. ಬೋರ್ಡೇ ಇದ್ದಿಲಾಗಿ ತೂತು ಬಿದ್ದಿದ್ದರೆ, ಉಂಗುರದಂತಿರುವ ಟೊರಾಯ್ಡ್ ಟ್ರಾನ್ಸ್‌ಫಾರ್ಮರಿನ ತಂತಿಯ ಎನಾಮಲ್ ಕರಕಲಾಗಿದ್ದರೆ, ಮೊದಲ ಪ್ರಯತ್ನಕ್ಕೆ ಅದು ಬೇಡ.

ಯಾವ ಜಾತಿಯದು?

ಬೋರ್ಡು ಚೆನ್ನಾಗಿದೆ ಎಂದಾದ ಮೇಲೆ ಜಾತಿಯ ಪ್ರಶ್ನೆ. ಇಲ್ಲಿ ಸಿಗುವವುಗಳಲ್ಲಿ ತೀರ ಸರಳವಾದದ್ದು ಹಳೆಯ ಬೂಸ್ಟರ್. ಸಾನ್ಯೊ ಕಂಪೆನಿಯ ಎಲ್‌ಎ4440 ಎಂಬ ಒಂದೇ ಐಸಿ, ನಾಲ್ಕಾರು ಕೆಪಾಸಿಟರು, ಒಂದು ಹೀಟ್‌ಸಿಂಕ್. 12 ವೋಲ್ಟ್ ನೇರವಾಗಿ ಐಸಿಗೆ ಹೋಗುತ್ತದೆ. ಎರಡು ಚಾನೆಲಿಗೆ ತಲಾ 6 ವಾಟ್, ಬ್ರಿಡ್ಜ್ ಮಾಡಿದರೆ, ಅಂದರೆ ಎರಡನ್ನೂ ಸೇರಿಸಿ ಒಂದೇ ಸ್ಪೀಕರಿಗೆ ಕೊಟ್ಟರೆ, 19 ವಾಟ್ ಎಂದು ಕಂಪೆನಿಯ ಮಾಹಿತಿಪತ್ರ ಹೇಳುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಹೆಚ್ಚಿಸದೆ 4 ಓಂ ಸ್ಪೀಕರಿನಿಂದ ಚೊಕ್ಕಟವಾಗಿ ಪಡೆಯಬಹುದಾದದ್ದು ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಡಬ್ಬದ ಮೇಲೆ ಇನ್ನೂರು, ಮುನ್ನೂರು ವಾಟ್ ಎಂದು ಬರೆದಿದ್ದರೆ ಅದನ್ನು ಓದಲೇಬೇಡಿ. ಬೆಸುಗೆ ಕಲಿಯುವವರಿಗೆ, ಶಾಲೆ ಕಾಲೇಜಿನ ಮಕ್ಕಳಿಗೆ ಇದೇ ಸರಿ: ತಪ್ಪಿದರೂ ಹೋಗುವುದು ಒಂದು ಅಗ್ಗದ ಐಸಿ.

ಇದರ ದೊಡ್ಡಣ್ಣನಂತೆ, ಯಕ್ಷಗಾನದ ಮೈಕ್ ಸೆಟ್ಟಿನವರ ಬಳಿ, ಪ್ರಚಾರದ ಜೀಪುಗಳಲ್ಲಿ ದುಡಿದ, 12 ವೋಲ್ಟಿನಲ್ಲೂ ಓಡುವ ಆಂಪ್ಲಿಫೈಯರುಗಳಿವೆ. ಹಲವದರಲ್ಲಿ 2ಎನ್3055 ಎಂಬ ಲೋಹದ ಟೊಪ್ಪಿಯ ಟ್ರಾನ್ಸಿಸ್ಟರು, ಕಬ್ಬಿಣದ ಔಟ್‌ಪುಟ್ ಟ್ರಾನ್ಸ್‌ಫಾರ್ಮರು. ಗಟ್ಟಿಮುಟ್ಟು, ದುರಸ್ತಿಗೆ ಸುಲಭ. ಆದರೆ ಅವು ಕೊಂಬಿನ ಸ್ಪೀಕರಿಗೆ, ಮಾತಿಗೆ ಮಾಡಿದವು. ಕಾರಿನೊಳಗೆ ಸಂಗೀತ ಕೇಳುವವರಿಗಲ್ಲ.

ನನ್ನ ಸ್ಪಷ್ಟ ಆಯ್ಕೆ ಗಲ್ಫಿನಿಂದ ಬಂದ ಜಪಾನಿ ಎರಡು ಅಥವಾ ನಾಲ್ಕು ಚಾನೆಲಿನದು: ಪಯೋನಿಯರ್‌ನ ಜಿಎಂ, ಕೆನ್‌ವುಡ್‌ನ ಕೆಎಸಿ, ಸೋನಿಯ ಎಕ್ಸ್‌ಎಂ ಸರಣಿಗಳಂಥವು. ಬೂಸ್ಟರಿಗೂ ಇವಕ್ಕೂ ಇರುವ ವ್ಯತ್ಯಾಸ ಒಂದೇ ಮಾತಿನಲ್ಲಿ ಹೇಳುವುದಾದರೆ, ಇವುಗಳ ಒಳಗೆ ಒಂದು ವಿದ್ಯುತ್ ಕಾರ್ಖಾನೆಯೇ ಇದೆ. ಟಿಎಲ್494 ಅಥವಾ ಅದರಂಥ ಹದಿನಾರು ಕಾಲಿನ ಐಸಿಯೊಂದು ಮಾಸ್‌ಫೆಟ್‌ಗಳ (ಸ್ವಿಚ್ಚಿನಂತೆ ದುಡಿಯುವ ಟ್ರಾನ್ಸಿಸ್ಟರುಗಳ) ಎರಡು ಗುಂಪನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಸರದಿಯಂತೆ ಆನ್–ಆಫ್ ಮಾಡುತ್ತದೆ. ಆ ಮಿಡಿತ ಟೊರಾಯ್ಡಿನ ಮೂಲಕ ಹಾದು, ಡಯೋಡುಗಳಲ್ಲಿ ಡಿಸಿಯಾಗಿ, ಪ್ಲಸ್ ಮತ್ತು ಮೈನಸ್ 25ರಿಂದ 35 ವೋಲ್ಟಿನ ಆಸುಪಾಸಿನ ಎರಡು ಸಾಲುಗಳಾಗುತ್ತದೆ. ಔಟ್‌ಪುಟ್ ಟ್ರಾನ್ಸಿಸ್ಟರುಗಳು ದುಡಿಯುವುದು ಆ ವೋಲ್ಟೇಜಿನಲ್ಲಿ. ಬಿಡಿಭಾಗಗಳು ದೊಡ್ಡವು, ಕಾಲುಗಳು ಬೋರ್ಡಿನ ತೂತಿನಲ್ಲಿ ಇಳಿದಿರುತ್ತವೆ, ಸಾಧಾರಣ ಬೆಸುಗೆ ಕಡ್ಡಿಗೆ ಒಗ್ಗುತ್ತವೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ ಈ ಕಂಪೆನಿಗಳು ಕ್ರಮಬದ್ಧವಾದ ಸರ್ವಿಸ್ ಮ್ಯಾನ್ಯುಯಲ್ ಅಚ್ಚು ಹಾಕಿದ್ದವು. ಹಲವು ಈಗಲೂ ಅಂತರ್ಜಾಲದಲ್ಲಿ ಸಿಗುತ್ತವೆ. ಸರ್ಕ್ಯೂಟಿನ ಚಿತ್ರ ಎದುರಿಗಿದ್ದರೆ ಕಲಿಕೆ ಬೇರೆಯದೇ ಮಟ್ಟಕ್ಕೆ ಹೋಗುತ್ತದೆ.

ಅಮೆರಿಕದ ಹೆಸರಾಂತ ಹಳೆಯ ತಯಾರಿಗಳ ಆಕರ್ಷಣೆ ನನಗೂ ಗೊತ್ತಿದೆ. ಅರಿಜೋನಾದ ರಾಕ್‌ಫೋರ್ಡ್ ಫಾಸ್‌ಗೇಟ್, ಓರಿಯನ್, ಪ್ರಿಸಿಶನ್ ಪವರ್. ಓರೆಗಾನಿನ ಫೀನಿಕ್ಸ್ ಗೋಲ್ಡ್. ಓರಿಯನ್‌ನ 225 ಎಚ್‌ಸಿಸಿಎ ಎಂಬುದರ ಮೇಲೆ 4 ಓಂಗೆ ಬರೀ 25 ವಾಟ್‌ನ ಎರಡು ಚಾನೆಲ್ ಎಂದು ಬರೆದಿತ್ತು. ಆಗಿನ ಕಾರ್ ಸ್ಟೀರಿಯೊ ಸ್ಪರ್ಧೆಗಳಲ್ಲಿ ವರ್ಗ ನಿರ್ಧಾರವಾಗುತ್ತಿದ್ದುದು ಆಂಪ್ಲಿಫೈಯರಿನ ಮೇಲೆ ಬರೆದ ವಾಟಿನಿಂದ. ಸ್ಪರ್ಧಿಗಳು ಅದಕ್ಕೆ 1 ಓಂ, ಅರ್ಧ ಓಂ ಸ್ಪೀಕರ್ ಜೋಡಿಸಿ ಬರೆದದ್ದರ ಹಲವು ಪಟ್ಟು ಶಕ್ತಿ ಹಿಂಡುತ್ತಿದ್ದರು. ಅದ್ಭುತವಾದ ಎಂಜಿನಿಯರಿಂಗ್, ಸಂದೇಹವಿಲ್ಲ. ಆದರೆ ಹಾಗೆ ಹಿಂಡಿಸಿಕೊಂಡ ಪೆಟ್ಟಿಗೆ ಹೇಗಿರಬಹುದೆಂದು ಯೋಚಿಸಿ. ಹೆಸರಿಗೆ ಬೆಲೆ ಹೆಚ್ಚು, ಸರ್ಕ್ಯೂಟಿನ ಚಿತ್ರ ಅಪರೂಪ. ಜಪಾನಿ ಪೆಟ್ಟಿಗೆಗಳಲ್ಲಿ ಕೈ ಪಳಗಿದ ಮೇಲೆ ಇವನ್ನು ಹುಡುಕಿಕೊಂಡು ಹೋಗಿ.

2000ದ ನಂತರದ ಕ್ಲಾಸ್ ಡಿ ಮೋನೊಬ್ಲಾಕ್, ಅಂದರೆ ಔಟ್‌ಪುಟ್ಟನ್ನೂ ಆನ್–ಆಫ್ ಮಾಡುತ್ತಾ ನಡೆಸುವ ಒಂದೇ ಚಾನೆಲಿನದು, ಸದ್ಯಕ್ಕೆ ಬೇಡ. ಬೇಳೆಕಾಳಿಗಿಂತ ಸಣ್ಣ ಬಿಡಿಭಾಗಗಳು, ವಿದ್ಯುತ್ತಿನ ಅಲೆಯನ್ನು ತೆರೆಯ ಮೇಲೆ ತೋರಿಸುವ ಆಸಿಲೋಸ್ಕೋಪ್ ಇಲ್ಲದೆ ಅರ್ಥವಾಗದ ದೋಷಗಳು.

ಸತ್ತದ್ದು ಪವರ್ ಸಪ್ಲೈಯೋ, ಔಟ್‌ಪುಟ್ಟೋ?

ಗುಜರಿಯಲ್ಲಿ ಎರಡು ಒಂದೇ ಥರದ ಪೆಟ್ಟಿಗೆಗಳು ಸಿಕ್ಕಿದರೆ ಯಾವುದು ಸುಲಭ? ಮಲ್ಟಿಮೀಟರನ್ನು ಡಯೋಡ್ ಗುರುತಿಗೆ ತಿರುಗಿಸಿ ಅಲ್ಲೇ ನೋಡಬಹುದು. ಆಂಪ್ಲಿಫೈಯರಿನ ಮೈಮೇಲಿರುವ, ಬ್ಯಾಟರಿ ಜೋಡಿಸುವ ಪ್ಲಸ್ ಮತ್ತು ಗ್ರೌಂಡ್ ತಿರುಪುಗಳ ನಡುವೆ ಎರಡು ದಿಕ್ಕಿನಲ್ಲೂ ಸೊನ್ನೆಗೆ ಹತ್ತಿರ ಬಂದು ಅಲ್ಲೇ ನಿಂತರೆ ಪವರ್ ಸಪ್ಲೈ ಮಾಸ್‌ಫೆಟ್ ಹೋಗಿದೆ, ಇಲ್ಲವೇ ತಂತಿ ಉಲ್ಟಾ ಹಾಕಿದಾಗ ಕಾಪಾಡಲೆಂದು ಇಟ್ಟ ಡಯೋಡ್ ಪ್ರಾಣ ಕೊಟ್ಟಿದೆ. ಇಂಥದಕ್ಕೆ ಬ್ಯಾಟರಿ ಕೊಟ್ಟ ಕೂಡಲೇ, ಆಂಪ್ಲಿಫೈಯರನ್ನು ಆನ್ ಮಾಡುವ ರಿಮೋಟ್ ತಂತಿ ಮುಟ್ಟಿಸುವ ಮೊದಲೇ ಫ್ಯೂಸ್ ಹಾರುತ್ತದೆ. ಬರೀ ಡಯೋಡ್ ಹೋಗಿದ್ದರೆ ಅದಕ್ಕಿಂತ ಒಳ್ಳೆಯ ಅದೃಷ್ಟವಿಲ್ಲ. ಒಂದು ಬಿಡಿಭಾಗದ ಕೆಲಸ ಅಷ್ಟೇ. ರಿಮೋಟ್ ಮುಟ್ಟಿಸಿದ ಮೇಲೆ ಫ್ಯೂಸ್ ಹಾರುವುದು ಅಥವಾ ಪ್ರೊಟೆಕ್ಷನ್ ಎಂದು ಕೆಂಪು ದೀಪ ಉರಿಯುವುದು ಆದರೆ ಔಟ್‌ಪುಟ್ ಟ್ರಾನ್ಸಿಸ್ಟರಿನ ಕಡೆ, ಇಲ್ಲವೇ ಟೊರಾಯ್ಡಿನ ಮುಂದಿನ ಡಯೋಡುಗಳ ಕಡೆ ನೋಡಿ.

ಎರಡರಲ್ಲಿ ನಾನು ಹೊಸಬರಿಗೆ ಹೇಳುವುದು ಪವರ್ ಸಪ್ಲೈ ಸತ್ತದ್ದನ್ನು. ಮಾಸ್‌ಫೆಟ್‌ಗಳೆಲ್ಲ ಒಂದೇ ಬಗೆಯವು, ಗುಂಪು ಸಮೇತ ಬದಲಾಯಿಸುವುದು. ಒಂದೇ ಒಂದು ಸತ್ತಿದ್ದರೂ ಎಲ್ಲವನ್ನೂ ಬದಲಾಯಿಸಬೇಕು, ಏಕೆಂದರೆ ಉಳಿದವು ಪೆಟ್ಟು ತಿಂದಿರುತ್ತವೆ. ಪ್ರತಿ ಮಾಸ್‌ಫೆಟ್‌ನ ಗೇಟಿಗೆ (ಆನ್–ಆಫ್ ಮಾಡುವ ಕಾಲಿಗೆ) ಹೋಗುವ ಸಣ್ಣ ರೆಸಿಸ್ಟರು, ಅದನ್ನು ನಡೆಸುವ ಚಿಕ್ಕ ಟ್ರಾನ್ಸಿಸ್ಟರು ಸರಿಯಿದೆಯೇ ಎಂದು ಅಳೆಯದೆ ಹೊಸದನ್ನು ಹಾಕಿದರೆ ಹೊಸದೂ ಕ್ಷಣಾರ್ಧದಲ್ಲಿ ಹೋಗುತ್ತದೆ. ಔಟ್‌ಪುಟ್ ಸತ್ತದ್ದರಲ್ಲಿ ಎನ್‌ಪಿಎನ್, ಪಿಎನ್‌ಪಿ ಎಂಬ ಎದುರುಬದುರು ಬಗೆಯ ಟ್ರಾನ್ಸಿಸ್ಟರುಗಳ ಜೋಡಿ, ಅವನ್ನು ನಡೆಸುವ ಡ್ರೈವರುಗಳು, ಬಯಾಸ್ (ಹಾಡಿಲ್ಲದಾಗಲೂ ಹರಿಯುವ ಅಲ್ಪ ಕರೆಂಟು) ಹೊಂದಿಸುವ ಕೆಲಸ ಎಲ್ಲವೂ ಸೇರುತ್ತವೆ. ಅದು ಎರಡನೆಯ ಪಾಠ.

ಇನ್ನೊಂದು ಬಗೆಯೂ ಉಂಟು: ಸತ್ತೇ ಇಲ್ಲ, ಹಾಡುತ್ತದೆ, ಆದರೆ ಒಂದು ಬದಿ ಬಂದು ಹೋಗುತ್ತದೆ, ಕರಕರ ಸದ್ದು ಬರುತ್ತದೆ. ಸಾಕೆಟ್ಟಿನ ಬಿರುಕು ಬಿಟ್ಟ ಬೆಸುಗೆ, ಕೊಳೆಯಾದ ಗೇನ್ ಗುಂಡಿ, ಒಣಗಿದ ಕೆಪಾಸಿಟರು, ಹೆಚ್ಚಾಗಿ ಇವಿಷ್ಟೇ ಕಾರಣ. ಇಂಥದು ಸಿಕ್ಕರೆ ಬಿಡಬೇಡಿ.

ಮೇಜಿನ ಮೇಲೆ 12 ವೋಲ್ಟ್ ಎಲ್ಲಿಂದ?

ಮನೆಯ ಇನ್ವರ್ಟರ್ ಬ್ಯಾಟರಿ ಎಲ್ಲರ ಕಣ್ಣಿಗೂ ಬೀಳುತ್ತದೆ. ಮಳೆಗಾಲದಲ್ಲಿ ಗಾಳಿಗೆ ಕಂಗು ಬಿದ್ದು ಲೈನ್ ಹೋದರೂ ಅದು ಇರುತ್ತದೆ. ಆದರೆ ದುರಸ್ತಿಯ ಮೊದಲ ಹಂತಕ್ಕೆ ಅಷ್ಟು ಅಪಾಯಕಾರಿ ಮೂಲ ಬೇರೆ ಇಲ್ಲ. ಶಾರ್ಟ್ ಆದ ಆಂಪ್ಲಿಫೈಯರಿಗೆ ಅದು ನೂರಾರು ಆಂಪಿಯರ್ ಸುರಿಯಬಲ್ಲದು. ಬೋರ್ಡಿನ ತಾಮ್ರ ಆವಿಯಾಗುತ್ತದೆ, ತಂತಿ ಕೈ ಸುಡುತ್ತದೆ. ಹಳೆಯ ಕಂಪ್ಯೂಟರಿನ ಎಸ್‌ಎಂಪಿಎಸ್ (ಅದರೊಳಗಿನ ಪವರ್ ಸಪ್ಲೈ ಪೆಟ್ಟಿಗೆ) ಶಾರ್ಟ್ ಆದಾಗ ತಾನಾಗಿ ಆರುತ್ತದೆ, ಅಗ್ಗವೂ ಹೌದು. ಆದರೆ ಆಂಪ್ಲಿಫೈಯರಿನ ದೊಡ್ಡ ಕೆಪಾಸಿಟರುಗಳು ತುಂಬುವ ಕ್ಷಣದ ಎಳೆತಕ್ಕೇ ಕೆಲವೊಮ್ಮೆ ಆರಿಬಿಡುತ್ತದೆ. ಕರೆಂಟಿಗೆ ಮಿತಿ ಹಾಕಬಹುದಾದ 30 ವೋಲ್ಟ್ 5 ಆಂಪಿಯರಿನ ಬೆಂಚ್ ಪವರ್ ಸಪ್ಲೈ ಎಲ್ಲಕ್ಕಿಂತ ಒಳ್ಳೆಯದು, ಹವ್ಯಾಸ ಮುಂದುವರಿಯುತ್ತದೆ ಎಂದು ಖಾತ್ರಿಯಾದ ಮೇಲೆ ಕೊಳ್ಳಿ.

ಅಲ್ಲಿಯವರೆಗೆ ಬೈಕಿನ ಬ್ಯಾಟರಿ, ಜೊತೆಗೆ ಅದರ ಪ್ಲಸ್ ತಂತಿಯ ನಡುವೆ ಸರಣಿಯಲ್ಲಿ ಕಾರಿನ ಎಚ್4 ಹೆಡ್‌ಲೈಟ್ ಬಲ್ಬು. ಇದರಷ್ಟು ನಂಬಿಕೆಯ ಉಪಾಯ ನಾನು ಕಂಡಿಲ್ಲ. 55 ವಾಟಿನ ಎಳೆಯ ಮೂಲಕ ಎಂಥ ಶಾರ್ಟ್ ಇದ್ದರೂ, ಎಳೆ ಕಾದ ಮೇಲೆ, ಸುಮಾರು ನಾಲ್ಕೂವರೆ ಆಂಪಿಯರಿಗಿಂತ ಹೆಚ್ಚು ಹರಿಯಲಾರದು. ಬಲ್ಬು ಪೂರ್ತಿ ಬೆಳಗಿತೆಂದರೆ ಒಳಗೆ ಇನ್ನೂ ಶಾರ್ಟ್ ಇದೆ, ತಕ್ಷಣ ತೆಗೆಯಿರಿ. ಕ್ಷಣಕಾಲ ಮಿನುಗಿ ಮಂಕಾಗಿ ನಿಂತರೆ ಆಂಪ್ಲಿಫೈಯರ್ ಉಸಿರಾಡುತ್ತಿದೆ. ಬ್ಯಾಟರಿಯ ಬಾಯಲ್ಲಿ ಒಂದು 5 ಆಂಪಿಯರಿನ ಫ್ಯೂಸ್ ಇದ್ದೇ ಇರಲಿ. ಟ್ರಾನ್ಸಿಸ್ಟರುಗಳನ್ನು ಹೀಟ್‌ಸಿಂಕಿಗೆ ಬಿಗಿಯದೆ ಕ್ಷಣಮಾತ್ರಕ್ಕೂ ಚಾಲೂ ಮಾಡಬಾರದು, ಬಿಗಿಯುವಾಗ ಮಧ್ಯದ ಮೈಕಾ ಹಾಳೆ ಹರಿದಿರಬಾರದು. ಸ್ಪೀಕರ್ ಜೋಡಿಸುವ ಮೊದಲು ಆಂಪ್ಲಿಫೈಯರಿನ ಸ್ಪೀಕರ್ ತಿರುಪುಗಳಲ್ಲಿ ಡಿಸಿ ಅಳೆಯಿರಿ: 50 ಮಿಲಿವೋಲ್ಟಿನೊಳಗಿದ್ದರೆ ಜೋಡಿಸಬಹುದು. ವೋಲ್ಟುಗಟ್ಟಲೆ ಬಂದರೆ ಸ್ಪೀಕರಿನ ಕಾಯಿಲ್ ಸುಡುತ್ತದೆ.

ಬಿಡಿಭಾಗ: ಹಳೆಯ ನಂಬರೋ, ಬದಲಿಯೋ?

ಇಲ್ಲಿ ಅತಿ ಹೆಚ್ಚು ಮೋಸ ಹೋಗುವವರು ಹಳೆಯ ನಂಬರಿಗೆ ಅಂಟಿಕೊಂಡವರು. ಎಂದೋ ತಯಾರಿಕೆ ನಿಂತ ಜಪಾನಿ ಟ್ರಾನ್ಸಿಸ್ಟರಿನ ನಂಬರನ್ನು ಹೊಳೆಯುವ ಅಕ್ಷರದಲ್ಲಿ ಅಚ್ಚು ಹಾಕಿ ಮಾರುತ್ತಾರೆ. ಒಳಗಿರುವುದು ಯಾವುದೋ ಚಿಕ್ಕ ಚಿಪ್ಪು. 2ಎಸ್‌ಸಿ5200, 2ಎಸ್‌ಎ1943 ಜೋಡಿಯಷ್ಟು ನಕಲಿಯಾದದ್ದು ವಿರಳ. ಈಗಲೂ ತಯಾರಾಗುತ್ತಿರುವ ಬದಲಿಯನ್ನು ಅಧಿಕೃತ ವಿತರಕರಿಂದ ತರಿಸುವುದು ಮೇಲು, ಅಂಚೆ ಖರ್ಚು ಬಿದ್ದರೂ. ಬದಲಿ ಆರಿಸುವಾಗ ವೋಲ್ಟೇಜು, ಕರೆಂಟು ಮಾತ್ರವಲ್ಲ, ಮೈಯ ಅಳತೆಯೂ ಹೊಂದಬೇಕು. ಬದಿಯಿಂದ ಅದುಮಿ ಹಿಡಿಯುವ ಪಟ್ಟಿಯ ಕೆಳಗೆ ಅಗಲವಾದದ್ದು ಕೂರುವುದಿಲ್ಲ.

ಮಾಸ್‌ಫೆಟ್ ವಿಷಯದಲ್ಲಿ ದೊಡ್ಡದು ಎಂದರೆ ಒಳ್ಳೆಯದು ಎಂದು ಅನೇಕರು ನಂಬಿದ್ದಾರೆ. ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿರುವ ಐಆರ್‌ಎಫ್‌ಝಡ್44ಎನ್ 55 ವೋಲ್ಟ್, 49 ಆಂಪಿಯರಿನದು. ಐಆರ್‌ಎಫ್3205 ಅದೇ 55 ವೋಲ್ಟ್, 110 ಆಂಪಿಯರ್. ಆದರೆ ಅದರ ಗೇಟಿನ ಕೆಪಾಸಿಟೆನ್ಸ್ ಎರಡು ಪಟ್ಟಿಗಿಂತ ಹೆಚ್ಚು: ಮೊದಲನೆಯದು 1500 ಪಿಕೊಫ್ಯಾರಡಿನ ಹತ್ತಿರ, ಎರಡನೆಯದು 3200ರ ಮೇಲೆ. ಹಳೆಯ ಡ್ರೈವರ್ ಅದನ್ನು ಬೇಗ ತುಂಬಲಾರದು, ಬೇಗ ಬರಿದು ಮಾಡಲಾರದು. ಆನ್–ಆಫ್‌ನ ನಡುವಿನ ಅವಸ್ಥೆಯಲ್ಲಿ ಹೆಚ್ಚು ಹೊತ್ತು ನಿಂತು ಮಾಸ್‌ಫೆಟ್ ಬಿಸಿಯಾಗುತ್ತದೆ. ಮೊದಲಿದ್ದದ್ದನ್ನೇ ಹಾಕಿ. 55 ವೋಲ್ಟ್ ಯಾಕೆ ಬೇಕೆಂಬುದಕ್ಕೂ ಕಾರಣವಿದೆ. ಎಂಜಿನ್ ಓಡುವಾಗಿನ 14.4 ವೋಲ್ಟ್ ಟ್ರಾನ್ಸ್‌ಫಾರ್ಮರಿನ ನಡುವಿನ ತಂತಿಗೆ ಬರುವುದರಿಂದ ಆಫ್ ಇರುವ ಮಾಸ್‌ಫೆಟ್‌ನ ಮೇಲೆ ಅದರ ಎರಡರಷ್ಟು, ಸುಮಾರು 29 ವೋಲ್ಟ್ ಬೀಳುತ್ತದೆ; ಅದರ ಮೇಲೆ ಕ್ಷಣಿಕ ಏರುಗಳು ಬೇರೆ. 30 ವೋಲ್ಟಿನದನ್ನು ಹಾಕಿದರೆ ಉಳಿಯುವುದಿಲ್ಲ.

ಕೆಪಾಸಿಟರಿಗೆ ಹಳೆಯದರ ಮೋಹ ಬೇಡವೇ ಬೇಡ. ಮೂವತ್ತು ವರ್ಷ ಗೋದಾಮಿನಲ್ಲಿ ಕೂತ ಹೊಸದು ಹೊಸದಲ್ಲ. 105 ಡಿಗ್ರಿ ಎಂದು ಬರೆದ, ಕಡಿಮೆ ಇಎಸ್‌ಆರ್‌ನ (ಒಳತಡೆಯ) ಈಚಿನ ತಯಾರಿಯನ್ನೇ ತನ್ನಿ. ಕೆಪಾಸಿಟರಿನ ಆಯಸ್ಸು ಬಿಸಿ ಹತ್ತು ಡಿಗ್ರಿ ತಗ್ಗಿದಾಗಲೆಲ್ಲ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ, ಹಾಗಾಗಿ 85ಕ್ಕೂ 105ಕ್ಕೂ ಸುಮಾರು ನಾಲ್ಕು ಪಟ್ಟು ಅಂತರ. ನಮ್ಮ ಪಕ್ಕದ ಕಣ್ಣೂರಿನಲ್ಲೇ ಕೆಲ್ಟ್ರಾನಿನ ಕೆಪಾಸಿಟರ್ ಕಾರ್ಖಾನೆಯಿದೆ, ದೇಶಿ ಆಂಪ್ಲಿಫೈಯರುಗಳಲ್ಲಿ ಆ ಹೆಸರು ಕಂಡರೆ ನನಗೆ ಮನೆಯವರನ್ನು ಕಂಡಷ್ಟು ಸಂತೋಷ. ಹಳೆಯದನ್ನು ಕಳಚುವಾಗ ಬೆಸುಗೆ ಕಡ್ಡಿ ತಾಗಿದ ಕೂಡಲೇ ಮೀನಿನ ವಾಸನೆ ಬಂದರೆ ಎಲೆಕ್ಟ್ರೋಲೈಟ್ ಸೋರಿದೆ ಎಂದರ್ಥ. ಆ ಜಾಗವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಚೆನ್ನಾಗಿ ತೊಳೆದು, ತಾಮ್ರ ಉಳಿದಿದೆಯೇ ನೋಡಿ, ಆಮೇಲೆ ಹೊಸದನ್ನು ಕೂರಿಸಿ.

ರೆಸಿಸ್ಟರು, ಡಯೋಡು, ಫ್ಯೂಸಿನಂಥ ಚಿಲ್ಲರೆಗೆ ರೈಲು ಹತ್ತಿ ಮಂಗಳೂರಿಗೆ ಹೋದರೆ ಸಾಕು. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಎಲ್ಲವೂ ಸಿಗುತ್ತದೆ, ನಕಲಿಯೂ ಸೇರಿ. ಪವರ್ ಟ್ರಾನ್ಸಿಸ್ಟರನ್ನು ಅಲ್ಲಿಂದ ತರುವವರು ಅಂಗಡಿಯವರ ಪರಿಚಯ ಇಟ್ಟುಕೊಂಡಿರಬೇಕು. ಮೂರನೆಯ ದಾರಿ, ಮೊದಲು ಹೇಳಿದ ತುಕ್ಕು ಹಿಡಿದ ಪೆಟ್ಟಿಗೆ. ಅದರ ಔಟ್‌ಪುಟ್ ಟ್ರಾನ್ಸಿಸ್ಟರುಗಳ ಕಾಲು ಸ್ವಚ್ಛವಾಗಿದ್ದರೆ ಉಪಯೋಗಕ್ಕೆ ಬರುತ್ತವೆ, ಯಾರೂ ಹಿಂದೆ ಬದಲಾಯಿಸಿರದಿದ್ದರೆ ಅವು ಅಸಲಿಯೇ. ಕಳಚಿ, ಅಳೆದು, ಜೋಡಿ ಮಾಡಿ ಇಟ್ಟುಕೊಳ್ಳಿ.

ಕಾರಿನಲ್ಲೋ, ಮನೆಯಲ್ಲೋ?

ದುರಸ್ತಿಯಾದದ್ದನ್ನು ಎಲ್ಲಿ ಹಾಡಿಸುವುದು ಎಂಬುದಕ್ಕೂ ಎರಡು ದಾರಿ. 12 ವೋಲ್ಟ್ 30 ಆಂಪಿಯರಿನ ಎಸ್‌ಎಂಪಿಎಸ್ ಕೊಟ್ಟರೆ ಎರಡು ಚಾನೆಲಿನ ಜಪಾನಿ ಪೆಟ್ಟಿಗೆ ಮನೆಯ ಹಾಲಿನಲ್ಲಿ ಆರಾಮವಾಗಿ ಹಾಡುತ್ತದೆ; ತೇವ ಕಡಿಮೆ, ಕುಲುಕಾಟ ಇಲ್ಲ. ಹಿರಿಯರೊಬ್ಬರು ತಂದು ಉಳಿಸಿದ ಪೆಟ್ಟಿಗೆಯಾದರೆ ನಾನು ಅದನ್ನು ಮನೆಯಲ್ಲೇ ಇಡುತ್ತೇನೆ. ಕಾರಿಗೇ ಹಾಕುವುದಾದರೆ ಸೀಟಿನ ಕೆಳಗೆ ಬೇಡ, ಮಳೆಗಾಲದಲ್ಲಿ ಒದ್ದೆ ಕಾಲಿನ ನೀರೆಲ್ಲ ಸೇರುವುದು ಅಲ್ಲಿಯೇ. ಡಿಕ್ಕಿಯಲ್ಲಿ, ನೆಲದಿಂದ ಎತ್ತರಿಸಿದ ಹಲಗೆಯ ಮೇಲೆ, ಹೀಟ್‌ಸಿಂಕಿನ ಏಣುಗಳು ನೇರ ನಿಲ್ಲುವಂತೆ ಬಿಗಿಯಿರಿ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಹಚ್ಚಿದ ಅಗ್ಗದ ತಂತಿ ನಮ್ಮ ಉಪ್ಪುಗಾಳಿಗೆ ತುದಿಯಿಂದಲೇ ಹುಡಿಯಾಗುತ್ತದೆ. ತವರ ಲೇಪದ ಶುದ್ಧ ತಾಮ್ರವೇ ಬೇಕು. ಬ್ಯಾಟರಿಯಿಂದ ಹೊರಟ ಪ್ಲಸ್ ತಂತಿಗೆ ಒಂದೂವರೆ ಅಡಿಯೊಳಗೆ ಫ್ಯೂಸ್ ಇರಲಿ, ಆಂಪ್ಲಿಫೈಯರಿನ ಮೈಮೇಲೆ ಫ್ಯೂಸ್ ಇದ್ದರೂ ಸಹ. ಅದು ಕಾಯುವುದು ಪೆಟ್ಟಿಗೆಯನ್ನು ಮಾತ್ರ, ಬ್ಯಾಟರಿಯಿಂದ ಡಿಕ್ಕಿಯವರೆಗಿನ ತಂತಿ ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಕಾರಿಗೆ ಬೆಂಕಿ ಬೀಳದಂತೆ ತಡೆಯುವುದು ಬ್ಯಾಟರಿಯ ಪಕ್ಕದ ಫ್ಯೂಸ್.